ಮಂಡಿ ಚೀಟಿಯ ಕೊನೆಯ ಸಾಲು

ತುಮಕೂರಿನ ಓದುಗರೊಬ್ಬರ ಪತ್ರ: “ನಮ್ಮ ಮಂಡಿಪೇಟೆಯ ಹಿರಿಯ ವರ್ತಕರು ತೀರಿಕೊಂಡಾಗ ನೀವು ಹಾಕಿದ್ದು ಬರೀ ನಾಲ್ಕು ಸಾಲು. ಎರಡು ಸಲ ನಗರಸಭೆಗೆ ಆರಿಸಿ ಬಂದವರು. ನನ್ನ ತಂದೆ ಅವರ ಮಂಡಿಯಲ್ಲೇ ಗುಮಾಸ್ತರಾಗಿದ್ದರು. ಸಿನಿಮಾದವರಿಗಾದರೆ ನಾಲ್ಕು ಪುಟ ಕೊಡುತ್ತೀರಿ. ವ್ಯಾಪಾರಸ್ಥರು ಅಂದ್ರೆ ಅಷ್ಟು ಸಸಾರವೇ? ಒಂದು ಸರ್ಕಲ್ಲಿಗೆ ಅವರ ಹೆಸರಿಡಿ ಅಂತ ನೀವಾದರೂ ಬರೆಯಬೇಕಿತ್ತು.”

ಸಂಪಾದಕರ ಉತ್ತರ:

ತಪ್ಪು ನಮ್ಮದೇ ಸ್ವಾಮಿ. ಆ ನಾಲ್ಕು ಸಾಲು ಬರೆದವನೂ ನಾನೇ. ನಿಮ್ಮ ಪತ್ರ ಬಂದ ಮೇಲೆ ಸಂಚಿಕೆ ತೆಗೆದು ಮತ್ತೆ ಓದಿದೆ. ‘ಕೊಡುಗೈ ದಾನಿ’, ‘ಅಜಾತಶತ್ರು’, ‘ತುಂಬಲಾರದ ನಷ್ಟ’. ಹೆಸರೊಂದು ಬದಲಾಯಿಸಿದರೆ ತಿಪಟೂರಿನ ಯಾವ ಕೊಬ್ಬರಿ ವರ್ತಕರಿಗೂ ಹೊಂದುವಂಥ ಸಾಲುಗಳು. ಅದರಲ್ಲೂ ಅಜಾತಶತ್ರು ಅನ್ನೋದು ಶುದ್ಧ ಸುಳ್ಳು. ನಗರಸಭೆಯಲ್ಲಿ ಅವರ ಜೊತೆ ಜಗಳ ಆಡದವರು ಯಾರಿದ್ದರು ಹೇಳಿ!

ಅವರನ್ನು ನಾನು ಮೊದಲು ನೋಡಿದ್ದು ಹುಣಸೆಹಣ್ಣಿನ ಸುಗ್ಗಿಯಲ್ಲಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಮಂಡಿ ಮುಂದೆ ಮೂಟೆ ಮೇಲೆ ಮೂಟೆ. ಅವರು ಒಂದು ಮೂಟೆಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಹೆಬ್ಬೆರಳಿನಲ್ಲಿ ಅಮುಕಿ ನೋಡಿದರು. ಮೇಲಿದ್ದ ಹಣ್ಣನ್ನು ಮುಟ್ಟಲೂ ಇಲ್ಲ. ತೂಕ ಬರಲಿ ಅಂತ ನೀರು ಚಿಮುಕಿಸಿದ್ದರೆ ಬೆರಳಿಗೇ ಗೊತ್ತಾಗುತ್ತಿತ್ತು. ಆಮೇಲೆ ಟವೆಲ್ಲಿಗೆ ಕೈ ಒರೆಸಿಕೊಂಡು ರೇಟು ಹೇಳಿದರು. ಹೇಳಿದ ಮೇಲೆ ಮುಗೀತು, ಒಂದು ಪೈಸೆ ಆಚೀಚೆ ಇಲ್ಲ. ‘ವ್ಯಾಪಾರಂ ದ್ರೋಹಚಿಂತನಂ’ ಅಂತ ಗೊಣಗಿಕೊಂಡು ಹೋದ ರೈತರೂ ಇದ್ದರು. ಮಗಳ ಮದುವೆ ಗೊತ್ತಾದಾಗ ಮುಂಗಡ ಕೇಳಲು ಅವರೇ ಮತ್ತೆ ಆ ಗಾದಿ ಮುಂದೆ ಬಂದು ಕೂರುತ್ತಿದ್ದರು.

ಇನ್ನೊಂದು ನೆನಪು, ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬರುವುದಕ್ಕೆ ಮುಂಚಿನದು. ಬೇಸಿಗೆಯಲ್ಲಿ ಬೀದಿ ನಲ್ಲಿಗೆ ನೀರು ಯಾವಾಗ ಬರುತ್ತೆ ಅಂತ ದೇವರಿಗೇ ಗೊತ್ತು. ಬೆಳಗಿನ ಜಾವ ಮೆಂಬರ್ ಸಾಹೇಬರು ಪಂಚೆ ಎತ್ತಿ ಕಟ್ಟಿ ನಲ್ಲಿ ಹತ್ತಿರ ನಿಂತಿರುತ್ತಿದ್ದರು. ಅವರ ಮನೆ ಬಿಂದಿಗೆಯೂ ಸಾಲಿನಲ್ಲೇ ಇರುತ್ತಿತ್ತು, ಒಂಬತ್ತನೆಯದೋ ಹತ್ತನೆಯದೋ. ಇಷ್ಟು ಬರೆದಿದ್ದರೆ ಸಾಕಿತ್ತು, ಅಲ್ವಾ?

ಸರ್ಕಲ್ಲಿನ ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ನಮ್ಮೂರಲ್ಲಿ ಯಾವ ಹೆಸರೂ ಪೂರ್ತಿಯಾಗಿ ಬಾಳಿಕೆ ಬರುವುದಿಲ್ಲ. ಬೆಂಗಳೂರು–ಹೊನ್ನಾವರ ರಸ್ತೆ ಬಿ.ಎಚ್. ರೋಡ್ ಆಗಿ ಎಷ್ಟು ಕಾಲವಾಯಿತು! ಹೊನ್ನಾವರಕ್ಕೇ ಈ ಗತಿ ಬಂದ ಮೇಲೆ ನಮ್ಮ ವರ್ತಕರನ್ನೂ ಆಟೋದವರು ಎರಡು ಇನಿಶಿಯಲ್ ಮಾಡಿ ಬಿಡುತ್ತಾರೆ.

ನಮ್ಮ ಜಿಲ್ಲೆಯವರೇ ಆದ ಗುಬ್ಬಿ ತೋಟದಪ್ಪನವರನ್ನು ನೋಡಿ. ಗುಬ್ಬಿ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ವೀರಣ್ಣನವರ ನಾಟಕ ಕಂಪನಿ. ಆದರೆ ತೋಟದಪ್ಪನವರು ಅದಕ್ಕೂ ಹಿಂದಿನವರು, ಹುಟ್ಟಿದ್ದು 1838ರಲ್ಲಿ. ಬೆಂಗಳೂರಿಗೆ ಹೋಗಿ ಮಾಮೂಲುಪೇಟೆಯ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಸ್ವಂತ ವ್ಯಾಪಾರ ಮಾಡಿದರು. ಮಕ್ಕಳಿರಲಿಲ್ಲ. ದುಡಿದದ್ದನ್ನು ಬೆಂಗಳೂರು ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಒಂದು ಛತ್ರಕ್ಕೆ ಹಾಕಿದರು. 1903ರಲ್ಲಿ ಅದನ್ನು ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಹಾರಾಜರಿಗೆ ಆಗಿನ್ನೂ 18 ವರ್ಷ. ನಮ್ಮೂರಿಗೆ ರೈಲು 1884ರಲ್ಲೇ ಬಂದಿತ್ತು. ಕೋರ್ಟು, ಆಸ್ಪತ್ರೆ, ಪರೀಕ್ಷೆ ಅಂತ ಬೆಂಗಳೂರಿಗೆ ಹೋದವರು ಕತ್ತಲಾದ ಮೇಲೆ ಇಳಿದರೆ ಗಂಟುಮೂಟೆ ಇಟ್ಟುಕೊಂಡು ಎಲ್ಲಿ ಮಲಗಬೇಕು? ದೂರ ನಡೆಸದೆ ಸ್ಟೇಷನ್ ಪಕ್ಕದಲ್ಲೇ ಕಟ್ಟಿಸಿದ್ದರಲ್ಲಿ ವ್ಯಾಪಾರಿಯ ತಲೆ ಕಾಣುತ್ತದೆ. ಅಂಗಡಿ ಜನ ಓಡಾಡುವ ಜಾಗದಲ್ಲೇ ಇರಬೇಕು ಅನ್ನುವ ಲೆಕ್ಕ ಅದು. ಆಮೇಲೆ ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್ಲೂ ಆಯಿತು. 1910ರಲ್ಲಿ ತೀರಿಕೊಂಡರು. ‘ರಾವ್ ಬಹದ್ದೂರ್’, ‘ಧರ್ಮಪ್ರವರ್ತ’ ಎರಡೂ ಬಿರುದು ಅವರಿಗೆ ಬಂದವು. ರಸ್ತೆಗೂ ಅವರ ಹೆಸರಿದೆ. ಆದರೂ ಜನ ಅವತ್ತಿಂದ ಹೇಳಿಕೊಂಡು ಬಂದದ್ದು ‘ತೋಟದಪ್ಪನ ಛತ್ರ’ ಅಂತಲೇ.

ಹಾಗಾದರೆ ನಮ್ಮ ವರ್ತಕರದ್ದು ಅಂತ ಏನು ಉಳಿದಿದೆ? ಛತ್ರ ಕಟ್ಟಿಸಲಿಲ್ಲ, ನಿಜ. ಸಿದ್ಧಗಂಗೆಯ ದಾಸೋಹಕ್ಕೆ ಅವರ ಮಂಡಿಯಿಂದ ಹುಣಸೆಹಣ್ಣು ಹೋಗುತ್ತಿತ್ತು. ಅದು ಸಾರಿನಲ್ಲಿ ಕರಗಿಹೋಯಿತು, ಬೋರ್ಡು ಹಾಕಲು ಬರುವುದಿಲ್ಲ. ಆದರೆ ಒಂದು ಸಂಗತಿ ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಹಳೆಯ ಮಂಡಿ ಚೀಟಿಗಳಲ್ಲಿ ಕಮಿಷನ್, ಹಮಾಲಿ ಎಲ್ಲ ಮುರಿದ ಮೇಲೆ ಕೊನೆಗೆ ‘ಧರ್ಮ’ ಅಂತ ಒಂದು ಸಾಲು ಇರುತ್ತಿತ್ತು. ರೈತನ ಬಾಬ್ತಿನಿಂದ ಅಷ್ಟೋ ಇಷ್ಟೋ ಕಾಸು ಹಿಡಿದು ಗುಡಿಗೋ ಶಾಲೆಗೋ ಕೊಡುವ ಪದ್ಧತಿ. ಕೊಟ್ಟವನು ರೈತ, ಗುಡಿಯ ಕಲ್ಲಿನ ಮೇಲೆ ಬರುವುದು ವರ್ತಕರ ಹೆಸರು. ಈ ಮಾತನ್ನು ಅವರ ಮುಂದೆ ಒಮ್ಮೆ ಎತ್ತಿದ್ದೆ. ಅವರು ನಕ್ಕು, ಅದಕ್ಕೇ ನಾನು ಎಲ್ಲೂ ಹೆಸರು ಕೆತ್ತಿಸಿಲ್ಲ ಕಣಯ್ಯ ಅಂದಿದ್ದರು. ನಾನು ಆಗ ಅದನ್ನು ಸುಮ್ನೆ ತಮಾಷೆ ಅಂದುಕೊಂಡಿದ್ದೆ.

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅವರಿಗೇ ಇಟ್ಟಿದ್ದೇನೆ. ಬರೆಯಬೇಕಾದವರು ನಿಮ್ಮ ತಂದೆ. ‘ಕೊಡುಗೈ ದಾನಿ’ ಅಂತ ಬರೆದರೆ ಮುಲಾಜಿಲ್ಲದೆ ಹೊಡೆದು ಹಾಕುತ್ತೇನೆ, ಮೊದಲೇ ಹೇಳಿದ್ದೇನೆ. ಅವರ ಹತ್ತಿರ ಆ ಮಂಡಿಯ ಹಳೇ ಚೀಟಿ ಒಂದಾದರೂ ಇದ್ದರೆ ಫೋಟೊ ತೆಗೆದು ಕಳಿಸಿ. ಶಾಯಿ ಮಾಸಿದ್ದರೂ ಪರವಾಗಿಲ್ಲ, ಕೊನೆಯ ಸಾಲು ಕಂಡರೆ ಸಾಕು.