12 ಇಂಚು, 8 ಇಂಚು: ಎರಡು ಸಬ್‌ವೂಫರ್ ಒಂದೇ ಕಾರಿನಲ್ಲಿ ಹಾಕಬಹುದಾ?

ಪ್ರಶ್ನೆ: ಸರ್, ನನ್ನ ಸೆಡಾನ್ ಕಾರಿನ ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಇದೆ. 400 ವಾಟ್ ಆರ್‌ಎಂಎಸ್ (ಸತತವಾಗಿ ತಡೆಯುವ ಪವರ್), 4 ಓಮ್, ಪೋರ್ಟ್ (ಗಾಳಿ ಆಡುವ ಕಿಂಡಿ) ಇರುವ ಬಾಕ್ಸ್. ಆಂಪ್ (ಆಂಪ್ಲಿಫೈಯರ್) 4 ಓಮಿಗೆ 300 ವಾಟ್, 2 ಓಮಿಗೆ 500 ವಾಟ್ ಕೊಡುತ್ತದೆ. ಬೇಸ್ ಆಳವಾಗಿದೆ, ಆದರೆ ಡೊಳ್ಳು, ಡ್ರಮ್‌ನ ಪೆಟ್ಟು ಎದೆಗೆ ಬಡಿಯುವ ಹಾಗೆ ಬರುತ್ತಿಲ್ಲ. ನಮ್ಮ ಭಾವ ಹಳೇ ಕಾರಿನಿಂದ ತೆಗೆದ 8 ಇಂಚಿನ ಸಬ್ ಕೊಟ್ಟಿದ್ದಾರೆ. 150 ವಾಟ್, 4 ಓಮ್. ಚಿಕ್ಕದು ಫಾಸ್ಟ್ ಅಂತ ಎಲ್ಲರೂ ಹೇಳುತ್ತಾರೆ. ಈಗಿರುವ ಬಾಕ್ಸಿಗೇ ಇನ್ನೊಂದು ತೂತು ಕೊರೆದು, ಅದೇ ಆಂಪಿಗೆ ಸೇರಿಸಲಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬಾಕ್ಸಿಗೆ ತೂತು ಕೊರೆಯಬೇಡಿ. ಮೊದಲು ಲೆಕ್ಕ ನೋಡೋಣ, ನೀವೇ ಎಲ್ಲ ನಂಬರ್ ಕೊಟ್ಟಿದ್ದೀರಿ.

ಎರಡು 4 ಓಮ್ ಸಬ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಆಂಪಿಗೆ ಕಾಣುವುದು 2 ಓಮ್. ಆಗ ಅದು 500 ವಾಟ್ ಕೊಡುತ್ತದೆ, ಸರಿ. ಆದರೆ ಆ 500 ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ, ಸ್ಥೂಲವಾಗಿ 250, 250. ಒಂಟಿಯಾಗಿದ್ದಾಗ 300 ವಾಟ್ ಪಡೆಯುತ್ತಿದ್ದ ನಿಮ್ಮ 12 ಇಂಚಿಗೆ ಈಗ 250. ಬರೀ 150 ವಾಟ್ ತಡೆಯುವ 8 ಇಂಚಿಗೂ 250! ಅದರ ಒಳಗಿನ ಕಾಯಿಲ್ ಸುಡಬಾರದು ಅಂತ ಆಂಪಿನ ಗೇನ್ (ಸದ್ದಿನ ಮಟ್ಟ) ಇಳಿಸಿ ಚಿಕ್ಕದಕ್ಕೆ 150 ಬರುವ ಹಾಗೆ ಮಾಡಿದರೆ ದೊಡ್ಡದಕ್ಕೂ 150 ವಾಟೇ ಗತಿ. ಅಂದರೆ ಮೊದಲಿನ ಅರ್ಧ, 3 ಡೆಸಿಬಲ್ ಕಡಿಮೆ. ಸೀರೀಸ್‌ನಲ್ಲಿ ಜೋಡಿಸಿದರೆ 8 ಓಮ್ ಆಗಿ ಒಟ್ಟು ಪವರ್ರೇ ಸುಮಾರು 150ಕ್ಕೆ ಬೀಳುತ್ತದೆ, ತಲಾ 75. ಹೇಗೆ ಜೋಡಿಸಿದರೂ ಚಿಕ್ಕದು ತಡೆಯುವಷ್ಟೇ ದೊಡ್ಡದೂ ಕೆಲಸ ಮಾಡಬೇಕು. ನೊಗದ ಒಂದು ಕಡೆ ಎತ್ತು, ಇನ್ನೊಂದು ಕಡೆ ಕರು ಕಟ್ಟಿದ ಹಾಗೆ.

ಬಾಕ್ಸಿನ ವಿಷಯ ಇನ್ನೂ ಕಷ್ಟ. ಅದರ ಒಳಗಿನ ಜಾಗ, ಪೋರ್ಟಿನ ಅಗಲ, ಉದ್ದ ಎಲ್ಲವೂ ಆ 12 ಇಂಚಿನ ಸಬ್‌ಗೆಂದು ಮಾಡಿದ್ದು. ಅದೇ ಗಾಳಿಯಲ್ಲಿ 8 ಇಂಚು ಕೂತರೆ ದೊಡ್ಡ ಕೋನ್ (ಸ್ಪೀಕರಿನ ಅಲುಗುವ ಭಾಗ) ಒಳಗೆ ಒತ್ತಿದಾಗಲೆಲ್ಲ ಆ ಒತ್ತಡ ಚಿಕ್ಕ ಕೋನನ್ನು ಹೊರಗೆ ತಳ್ಳುತ್ತದೆ. ಅದು ಹಾಡಿಗೆ ಕುಣಿಯುವುದಕ್ಕಿಂತ ಪಕ್ಕದವನ ಒತ್ತಡಕ್ಕೆ ಕುಣಿಯುವುದೇ ಜಾಸ್ತಿ. ಕೆಲವರು ನಡುವೆ ಹಲಗೆ ಅಡ್ಡ ಹಾಕಿ ಅಂತಾರೆ, ಹಾಕಬಹುದು, ಆದರೆ ಆಗ 12 ಇಂಚಿಗೆ ಸಿಗುತ್ತಿದ್ದ ಜಾಗ ಕಡಿಮೆಯಾಗಿ ಈಗ ಚೆನ್ನಾಗಿ ಬರುತ್ತಿರುವ ಆಳದ ಬೇಸೂ ಕೈತಪ್ಪುತ್ತದೆ.

ಇನ್ನು ಫಾಸ್ಟ್ ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. 50 ಹರ್ಟ್ಸ್ ಅಂದರೆ ಸೆಕೆಂಡಿಗೆ 50 ಸಲ, ಕೋನ್ 8 ಇಂಚಿರಲಿ 15 ಇಂಚಿರಲಿ. ಚಿಕ್ಕದು ಚುರುಕು ಅನ್ನಿಸುವುದಕ್ಕೆ ಕಾರಣ, ಅದು ತೀರಾ ಕೆಳಗಿನ ಬೇಸನ್ನು ಜೋರಾಗಿ ಕೊಡಲಾರದು. 12 ಇಂಚಿನ ಕೋನಿನ ವಿಸ್ತೀರ್ಣ 8 ಇಂಚಿನದಕ್ಕಿಂತ ಸುಮಾರು ಎರಡೂಕಾಲು ಪಟ್ಟು. ಜೊತೆಗೆ 70 ಹರ್ಟ್ಸ್‌ನಲ್ಲಿ ಬರುವಷ್ಟೇ ಸದ್ದು 35 ಹರ್ಟ್ಸ್‌ನಲ್ಲೂ ಬರಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಚಿಕ್ಕದಕ್ಕೆ ಅಲ್ಲಿ ಉಸಿರು ಕಟ್ಟುತ್ತದೆ. ಕೆಳಗಿನದು ಇಲ್ಲದಿದ್ದಾಗ ಮೇಲಿನ ಪೆಟ್ಟು ಎದ್ದು ಕೇಳುತ್ತದೆ, ಅಷ್ಟೇ.

ನಿಮಗೆ ಬೇಕಾಗಿರುವ ಆ ಪೆಟ್ಟು ಇರುವುದು ಹೆಚ್ಚುಕಡಿಮೆ 60ರಿಂದ 120 ಹರ್ಟ್ಸ್ ನಡುವೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಬಾಗಿಲಿನ ಸ್ಪೀಕರ್‌ಗಳದ್ದು. ನೀವು ಪತ್ರದಲ್ಲಿ ಬಾಗಿಲಿನ ಸ್ಪೀಕರ್ ಬಗ್ಗೆ ಒಂದು ಮಾತೂ ಬರೆದಿಲ್ಲ, ನನಗೆ ಅನುಮಾನ ಇರುವುದೇ ಅಲ್ಲಿ. ಮೊದಲು ದುಡ್ಡಿಲ್ಲದ ಕೆಲಸ ಮಾಡಿ: ಆಂಪ್ ಆಫ್ ಮಾಡಿ, ಸಬ್‌ನ ಪ್ಲಸ್ ಮೈನಸ್ ವೈರ್ ಅದಲುಬದಲು ಮಾಡಿ, ಅದೇ ಹಾಡನ್ನು ಅದೇ ವಾಲ್ಯೂಮ್‌ನಲ್ಲಿ ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಯಾವ ಜೋಡಣೆಯಲ್ಲಿ ಪೆಟ್ಟು ತುಂಬಿ ಬರುತ್ತದೋ ಅದನ್ನೇ ಉಳಿಸಿಕೊಳ್ಳಿ. ಸಬ್ ಮತ್ತು ಬಾಗಿಲಿನ ಸ್ಪೀಕರ್ ಒಂದಕ್ಕೊಂದು ಎದುರಾಗಿ ತಳ್ಳುತ್ತಿದ್ದರೆ ಆ ಜಾಗದ ಸದ್ದು ಒಂದನ್ನೊಂದು ತಿಂದುಹಾಕಿರುತ್ತದೆ, ಎಷ್ಟೋ ಕಾರುಗಳಲ್ಲಿ ಇದೇ ರೋಗ. ಆಮೇಲೆ ಸಬ್‌ನ ಲೋ ಪಾಸ್ (ಕೆಳಗಿನ ಸದ್ದನ್ನು ಮಾತ್ರ ಬಿಡುವ ಫಿಲ್ಟರ್) 80 ಹರ್ಟ್ಸ್‌ನ ಸುತ್ತಮುತ್ತ, ಬಾಗಿಲಿನ ಸ್ಪೀಕರ್‌ಗಳ ಹೈ ಪಾಸ್ (ಮೇಲಿನದನ್ನು ಮಾತ್ರ ಬಿಡುವುದು) ಕೂಡ ಅಲ್ಲೇ ಇಡಿ. ಅಷ್ಟಾದರೂ ಸಾಲದಿದ್ದರೆ ಬಾಗಿಲಿನ ತಗಡಿಗೆ ಅದುರುವುದನ್ನು ತಡೆಯುವ ಬ್ಯುಟೈಲ್ ಶೀಟ್ ಅಂಟಿಸಿ, ಒಳಗಿನ ದೊಡ್ಡ ತೂತುಗಳನ್ನು ಮುಚ್ಚಿಸಿ. ಸ್ಪೀಕರಿನ ಹಿಂದಿನ ಸದ್ದು ಮುಂದಕ್ಕೆ ಸೋರುವುದು ನಿಂತರೆ ಹಳೇ ಸ್ಪೀಕರಿನಿಂದಲೇ ಎಷ್ಟು ಬೇಸ್ ಬರುತ್ತದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಭಾವ ಪ್ರೀತಿಯಿಂದ ಕೊಟ್ಟಿದ್ದನ್ನು ಸುಮ್ನೆ ಇಡುವುದು ಬೇಡ ಅನ್ನಿಸಿದರೆ, ಅದಕ್ಕೆ ಬೇರೆ ಸೀಲ್ಡ್ (ಪೋರ್ಟ್ ಇಲ್ಲದ) ಬಾಕ್ಸ್ ಮತ್ತು ಬೇರೆ ಸಣ್ಣ ಆಂಪ್ ಕೊಡಿ. ದೊಡ್ಡದನ್ನು 60 ಹರ್ಟ್ಸ್‌ವರೆಗೆ ಮಾತ್ರ ಬಿಡಿ, ಚಿಕ್ಕದಕ್ಕೆ 60ರ ಮೇಲಿನದು. ಎರಡು ಬೇರೆ ಸೈಜಿನ ಸಬ್ ಇಡುವುದು ತಪ್ಪೇನಲ್ಲ, ಎರಡಕ್ಕೂ ಒಂದೇ ಕೆಲಸ ಕೊಟ್ಟು ಒಂದೇ ಆಂಪಿನಿಂದ ಓಡಿಸುವುದು ತಪ್ಪು.

ಪ್ರಶ್ನೆ: ನಮ್ಮ ಎಸ್‌ಯುವಿಯಲ್ಲಿ ಡ್ರೈವರ್ ಸೀಟಿನ ಕೆಳಗೆ ಆಂಪ್ ಒಳಗೇ ಇರುವ 8 ಇಂಚಿನ ಸಬ್ ಇತ್ತು. ಹಿಂದೆ 12 ಇಂಚು ಹಾಕಿಸಿದ ಮೇಲೆ ಬೇಸ್ ಕಡಿಮೆಯಾದ ಹಾಗಿದೆ. ಎರಡೂ ಆನ್ ಇದ್ದಾಗಲೇ ಹೀಗೆ. ಒಂದನ್ನು ಆಫ್ ಮಾಡಿದರೆ ಸರಿಹೋಗುತ್ತದೆ!
– ಓದುಗರು, ಮಂಗಳೂರು

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ಒಂದು ಸಬ್ ಸೀಟಿನ ಕೆಳಗೇ ಇದೆ, ಇನ್ನೊಂದು ಸುಮಾರು 2 ಮೀಟರ್ ಹಿಂದೆ. ಸದ್ದು ಒಂದು ಮೀಟರ್ ದಾಟಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು, ಹಾಗಾಗಿ ಹಿಂದಿನದು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 80 ಹರ್ಟ್ಸ್‌ನ ಒಂದು ಸುತ್ತಿಗೆ 12.5 ಮಿಲಿಸೆಕೆಂಡ್. ತಡವಾದದ್ದು ಸರಿಸುಮಾರು ಅರ್ಧ ಸುತ್ತು. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಮಾಯ. 40 ಹರ್ಟ್ಸ್‌ಗೆ ಬಂದರೆ ಇಷ್ಟು ಹೊಡೆತ ಬೀಳುವುದಿಲ್ಲ.

ಸೀಟಿನ ಕೆಳಗಿನ ಸಬ್‌ನಲ್ಲಿ ಸಾಮಾನ್ಯವಾಗಿ 0, 180 ಅಂತ ಫೇಸ್ (ತಳ್ಳುವುದು, ಎಳೆಯುವುದನ್ನು ಅದಲುಬದಲು ಮಾಡುವ) ಸ್ವಿಚ್ ಇರುತ್ತದೆ. ಅದನ್ನು ತಿರುಗಿಸಿ ಕೇಳಿ. ಸ್ಟೀರಿಯೊದಲ್ಲಿ ಅಥವಾ ಡಿಎಸ್‌ಪಿಯಲ್ಲಿ (ಸದ್ದು ಹೊಂದಿಸುವ ಡಿಜಿಟಲ್ ಪ್ರೊಸೆಸರ್) ಡಿಲೇ, ಅಂದರೆ ಸದ್ದು ತಡ ಮಾಡುವ ಸೌಲಭ್ಯ ಇದ್ದರೆ, ಹತ್ತಿರದ ಸಬ್‌ಗೆ 6 ಮಿಲಿಸೆಕೆಂಡಿನಿಂದ ಶುರು ಮಾಡಿ ಹಿಂದೆ ಮುಂದೆ ಹೊಂದಿಸಿ. ಹಿಂದಿನದು ಪೋರ್ಟ್ ಬಾಕ್ಸ್ ಆಗಿದ್ದರೆ ಪೂರ್ತಿ ಹೊಂದುವುದು ಕಷ್ಟ, ಪೋರ್ಟ್ ಬಾಕ್ಸಿನ ಫೇಸ್ ತಿರುಗುವ ರೀತಿಯೇ ಬೇರೆ. ಆಗ ಲೋ ಪಾಸ್‌ನಲ್ಲಿ ಇಬ್ಬರ ಕೆಲಸ ಬೇರೆ ಮಾಡುವುದೇ ದಾರಿ.

ಪ್ರಶ್ನೆ: ಎರಡನೇ ಸಬ್‌ಗೆ ಎರಡನೇ ಆಂಪ್ ಹಾಕಿಸಿದೆ. ಈಗ ಬೇಸ್ ಬಡಿದಾಗೆಲ್ಲ ಹೆಡ್‌ಲೈಟ್ ಮಿಣುಕುತ್ತದೆ. ಹಳೇ ವೈರಿನಿಂದಲೇ ಕವಲು ತೆಗೆದಿದ್ದಾರೆ.
– ಓದುಗರು, ಕಲಬುರಗಿ

ಉತ್ತರ: ಉದಾಹರಣೆಗೆ 500 ಮತ್ತು 150 ವಾಟ್‌ನ ಎರಡು ಕ್ಲಾಸ್ ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ಜೋರಿನಲ್ಲಿ ಹತ್ತಿರ ಹತ್ತಿರ 60 ಆಂಪಿಯರ್ ಎಳೆಯುತ್ತವೆ. ಒಂದು ಆಂಪಿಗೆ ಅಂತ ಎಳೆದ ತೆಳು ವೈರ್ ಇದಕ್ಕೆ ಸಾಲದು. ಶುದ್ಧ ತಾಮ್ರದ 4 ಗೇಜ್ (ವೈರಿನ ದಪ್ಪದ ಅಳತೆ) ವೈರ್ ಹಾಕಿಸಿ, ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ್ದು ಬೇಡ. ಗ್ರೌಂಡ್ ವೈರೂ ಅಷ್ಟೇ ದಪ್ಪ ಇರಲಿ, ಬಣ್ಣ ಕೆರೆದ ಬರಿ ತಗಡಿಗೆ ಬೋಲ್ಟ್ ಹಾಕಿ ಬಿಗಿಸಿರಲಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಮುಖ್ಯ ಫ್ಯೂಸ್, ಕವಲು ತೆಗೆದ ಕಡೆ ಒಂದೊಂದು ವೈರಿಗೂ ಬೇರೆ ಫ್ಯೂಸ್. ಇದು ನೋಡಿಕೊಳ್ಳದೆ ಕಾರು ಓಡಿಸಬೇಡಿ. ಹೆಡ್‌ಲೈಟ್ ಮಿಣುಕಿದರೆ ಸಹಿಸಬಹುದು, ಫ್ಯೂಸ್ ಇಲ್ಲದ ವೈರ್ ತಗಡಿಗೆ ತಾಗಿ ಶಾರ್ಟ್ ಆದರೆ ಕಾರಿಗೇ ಬೆಂಕಿ ಹತ್ತುತ್ತದೆ. ಇವತ್ತೇ ಬಾನೆಟ್ ತೆಗೆದು ನೋಡಿ.