ಅತ್ತೆ ಎಚ್ಚರವಿದ್ದ ಸಿನಿಮಾ

ಪ್ರಶ್ನೆ: ಈಚೆಗೆ ನೋಡಿದ್ದರಲ್ಲಿ ನಿಮಗೆ ಹಿಡಿಸಿದ್ದು ಯಾವುದು? ಸುಮ್ನೆ ಹೊಗಳಬೇಡಿ, ಕಾರಣ ಹೇಳಿ.
– ಓದುಗರೊಬ್ಬರು, ತಿಪಟೂರು

ಉತ್ತರ: ‘ಲಾಪತಾ ಲೇಡೀಸ್’. 2024ರಲ್ಲಿ ಥಿಯೇಟರಿಗೆ ಬಂದಾಗ ತಪ್ಪಿಹೋಗಿತ್ತು, ಮೊನ್ನೆ ಟೀವಿಯಲ್ಲಿ ನೋಡಿದೆ. ಪಕ್ಕದಲ್ಲಿ ನಮ್ಮತ್ತೆ. ಗದಗಿನವರು, 78 ವರ್ಷ. ಯಾವ ಸಿನಿಮಾ ಹಾಕಿದರೂ ಅರ್ಧ ಗಂಟೆಗೆ ಗೊರಕೆ. ಅವತ್ತು ಮಾತ್ರ ನೆಟ್ಟಗೆ ಕೂತಿದ್ದರು.

ಮುಸುಕಿನಿಂದಾಗಿ ರೈಲಿನಲ್ಲಿ ಇಬ್ಬರು ಮದುಮಗಳು ಅದಲುಬದಲಾಗುವ ಕಥೆ. ಅವರಲ್ಲಿ ದಾರಿ ತಪ್ಪಿದ ಫೂಲ್ ಎಂಬವಳಿಗೆ ಗಂಡನ ಊರು ಯಾವುದೆಂದು ಸರಿಯಾಗಿ ಗೊತ್ತಿಲ್ಲ. ಗಂಡನ ಹೆಸರು ಗೊತ್ತು, ಬಾಯಿಬಿಟ್ಟು ಹೇಳಲ್ಲ. ನನಗೆ ನಗು ಬಂತು. ಅತ್ತೆ ನಗಲಿಲ್ಲ. ಬ್ಯಾಂಕಿನಲ್ಲಿ ಪಿಂಚಣಿ ಫಾರಂ ತುಂಬುವಾಗ ಗಂಡನ ಹೆಸರು ಕೇಳಿದರೆ ಇವತ್ತಿಗೂ ನನ್ನ ಮೊಣಕೈ ತಿವಿಯುತ್ತಾರೆ, ನಾನೇ ಹೇಳಬೇಕು. ಸಿನಿಮಾ ನಿಲ್ಲಿಸಿಸಿ, ಮದುವೆಯಲ್ಲಿ ಹೆಂಗಸರೆಲ್ಲ ಸುತ್ತುವರಿದು ಒಡಪು, ಅಂದರೆ ಗಂಡನ ಹೆಸರು ಸೇರಿಸಿ ಕಟ್ಟಿದ ಪ್ರಾಸದ ಸಾಲು, ಹೇಳಿಸಿದ್ದನ್ನು ನೆನೆಸಿಕೊಂಡರು. ಒಡಪಿನಲ್ಲಾದರೆ ಗಂಡನ ಹೆಸರು ಬರಬಹುದಂತೆ, ಬರೀ ಬಾಯಲ್ಲಿ ಬರಬಾರದಂತೆ. ಎಂಥ ಕಾನೂನು, ಅಲ್ವಾ! ಕೊನೆಗೆ ಪ್ಲಾಟ್‌ಫಾರಂ ಮೇಲೆ ಫೂಲ್ ಗಂಡನ ಹೆಸರು ಹಿಡಿದು ಕೂಗಿದಾಗ ಅತ್ತೆ ಸೆರಗು ಕಣ್ಣಿಗೊತ್ತಿಕೊಂಡರು.

ಒಂದು ತಕರಾರಿದೆ. ಲಂಚ ಎಣಿಸುತ್ತಿದ್ದ ಇನ್ಸ್‌ಪೆಕ್ಟರ್ ಥಟ್ಟಂತ ಒಳ್ಳೆಯವನಾಗಿಬಿಡುತ್ತಾನೆ. ರವಿ ಕಿಶನ್ ಮಾಡಿದ್ದಕ್ಕೆ ಬಚಾವ್.

ಪ್ರಶ್ನೆ: ‘ಮಂಜುಮ್ಮೆಲ್ ಬಾಯ್ಸ್’ ನೋಡಬಹುದಾ? ಲಿಫ್ಟಿನಲ್ಲಿ ನಿಂತರೂ ನನಗೆ ಉಸಿರು ಕಟ್ಟುತ್ತದೆ.
– ಪುತ್ತೂರಿನಿಂದ

ಉತ್ತರ: ಹಾಗಾದರೆ ಬೇಡ. ಪ್ರವಾಸ ಹೋದ ಗೆಳೆಯರಲ್ಲಿ ಒಬ್ಬ ಗುಹೆಯ ಆಳದ ಕಿಂಡಿಗೆ ಬೀಳುವ ಕಥೆ, 2006ರಲ್ಲಿ ಕೊಡೈಕನಾಲ್‌ನ ಗುಣಾ ಗುಹೆಯಲ್ಲಿ ನಿಜವಾಗಿ ನಡೆದದ್ದು. ಕೊನೆಗೇನಾಯಿತು ಎಂದು ಮೊದಲೇ ಓದಿದ್ದರೂ ನನ್ನ ಅಂಗೈ ಬೆವರಿತು. ಶುರುವಿನ ಹಗ್ಗಜಗ್ಗಾಟ ಸುಮ್ನೆ ತುರುಕಿದ್ದು ಅಂದುಕೊಂಡಿದ್ದೆ, ಅಲ್ಲ. ಅತ್ತೆ ಹುಡುಗ ಬಿದ್ದ ತಕ್ಷಣ ಎದ್ದು ದೇವರ ಮನೆಗೆ ಹೋದರು.

ಪ್ರಶ್ನೆ: ನೀವು ಕನ್ನಡ ಸಿನಿಮಾ ನೋಡೋದೇ ಇಲ್ವಾ?
– ಮದ್ದೂರಿನಿಂದ

ಉತ್ತರ: ನಿಮ್ಮ ಮಂಡ್ಯ ಸೀಮೆಯ ‘ತಿಥಿ’ಯನ್ನು ಮೂರನೇ ಸಲ ನೋಡಿದೆ, ಸಾಲದಾ? ಹಳ್ಳಿಯವರೇ ನಟರು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ತಿಥಿಯೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಮೊದಲೆರಡು ಸಲ ನಾನು ಗಡ್ಡಪ್ಪನ ಪಾರ್ಟಿ. ಈ ಸಲ ತಮ್ಮಣ್ಣನ ಕಡೆ ವಾಲಿದೆ. ಮನೆ ಸಾಲದ ಕಂತು ಶುರುವಾದ ಮೇಲೆ ಹೀಗಾಗಿದೆ. ಅತ್ತೆ ಹತ್ತು ನಿಮಿಷ ಆ ಮಂಡ್ಯದ ಮಾತು ಕೇಳಿ, “ಇದೂ ಕನ್ನಡಾನ?” ಅಂದು ಮಲಗಿದರು.

ಪ್ರಶ್ನೆ: ‘ಪರ್ಫೆಕ್ಟ್ ಡೇಸ್’ನಲ್ಲಿ ಏನೂ ನಡೆಯೋದಿಲ್ಲ. ಎಲ್ಲರೂ ಯಾಕೆ ಹೊಗಳ್ತಾರೆ?
– ಹೊಸಪೇಟೆಯಿಂದ

ಉತ್ತರ: ಟೋಕಿಯೋದ ಸಾರ್ವಜನಿಕ ಶೌಚಾಲಯ ತೊಳೆಯುವವನು ಪುಟ್ಟ ಕನ್ನಡಿ ಹಿಡಿದು ಕಮೋಡಿನ ಅಡಿಭಾಗವನ್ನೂ ನೋಡುತ್ತಾನಲ್ಲ, ಅದೇ ನಡೆಯುವುದು. ಆ ಪಾತ್ರಕ್ಕೆ ಕೋಜಿ ಯಾಕುಶೋಗೆ 2023ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಡುವೆ ನನಗೂ ಆಕಳಿಕೆ ಬಂತು, ಸುಳ್ಳು ಹೇಳಲಾರೆ. ಅತ್ತೆಯಂತೂ ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ. ಸಿನಿಮಾ ಮುಗಿದು ಟೀವಿ ಆರಿಸಿದ ಮೇಲೆ ಕತ್ತಲಲ್ಲಿ ದನಿ ಬಂತು: “ಅಲ್ಲಾ, ಇಂವಾ ಒಂದ ದಿನಾನೂ ಮನ್ಯಾಗ ಒಲಿ ಹಚ್ಚಲಿಲ್ಲಲ್ಲ!”