ಓದುಗರ ಪ್ರಶ್ನೆ: ಮೀನಿನ ತೊಟ್ಟಿಗೆ ಕೈಯಾರೆ ಮಾಡಿದ ಕ್ಯಾನಿಸ್ಟರ್ ಫಿಲ್ಟರ್

ಪ್ರಶ್ನೆ: ಗಾಳಿಯಾಡದ ಚೌಕಾಕಾರದ ಪ್ಲಾಸ್ಟಿಕ್ ಡಬ್ಬದಲ್ಲಿ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಟ್ಟು, ಹೋಸ್‌ಗಳ ಮೂಲಕ ನೀರು ಹಾಯಿಸಿ ಸೋಸುವ ಮುಚ್ಚಿದ ಡಬ್ಬ) ಮಾಡಿದೆ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಟ್ಟ ಕೂಡಲೇ ಮುಚ್ಚಳದ ಅಂಚಿನಲ್ಲಿ ನೀರು ಜಿನುಗುತ್ತದೆ. ಸಿಲಿಕೋನ್ ದಪ್ಪಗೆ ಬಳಿದರೂ ನಿಲ್ಲಲಿಲ್ಲ. ಯಾಕೆ?

ಉತ್ತರ: ತಪ್ಪು ಸಿಲಿಕೋನಿನದಲ್ಲ, ಡಬ್ಬದ ಆಕಾರದ್ದು. ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗಿಟ್ಟ ಡಬ್ಬದೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ಒತ್ತಡ ಇರುತ್ತದೆ. ಕೇಳಲು ಅಲ್ಪ. ಆದರೆ 20 ಸೆಂ.ಮೀ. ಚೌಕದ ಮುಚ್ಚಳ ಎಂದರೆ 400 ಚದರ ಸೆಂ.ಮೀ.; ಒಟ್ಟು 40 ಕಿಲೋ ಭಾರ ಒಳಗಿನಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ನಾಲ್ಕು ಕ್ಲಿಪ್‌ಗಳ ನಡುವೆ ಮುಚ್ಚಳ ಉಬ್ಬಿ ರಬ್ಬರ್ ಪಟ್ಟಿಯಿಂದ ಮೇಲೇಳುತ್ತದೆ. ಸಾಲದ್ದಕ್ಕೆ ಇಂಥ ಡಬ್ಬಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ಅದಕ್ಕೆ ಸಿಲಿಕೋನ್ ಹಿಡಿಯುವುದೇ ಇಲ್ಲ, ಉಗುರಿನಲ್ಲಿ ಎಳೆದರೆ ಸಿಪ್ಪೆಯಂತೆ ಬರುತ್ತದೆ. ಆ ಡಬ್ಬವನ್ನು ಕೈಬಿಡಿ. 11 ಸೆಂ.ಮೀ. ಅಗಲದ ದುಂಡು ಮುಚ್ಚಳದ ಮೇಲೆ ಬೀಳುವ ಭಾರ ಹತ್ತು ಕಿಲೋ ಒಳಗೆ. ತಿರುಪಿನ ಮುಚ್ಚಳ ಅದನ್ನು ಸಲೀಸಾಗಿ ತಡೆಯುತ್ತದೆ.

ಪ್ರಶ್ನೆ: ಹಾಗಾದರೆ 60×30×30 ಸೆಂ.ಮೀ. ತೊಟ್ಟಿಗೆ ಯಾವ ಸಾಮಾನು, ಹೇಗೆ ಜೋಡಿಸಬೇಕು?

ಉತ್ತರ: ಈ ತೊಟ್ಟಿಯಲ್ಲಿ ನಿಜಕ್ಕೂ ಹಿಡಿಯುವುದು 45ರಿಂದ 50 ಲೀಟರ್. ಅದಕ್ಕೆ 110 ಮಿ.ಮೀ. ಪಿವಿಸಿ ಪೈಪಿನ 30 ಸೆಂ.ಮೀ. ತುಂಡು ಸಾಕು, ಒಳಗೆ ಸುಮಾರು ಎರಡೂವರೆ ಲೀಟರ್ ಜಾಗ ಸಿಗುತ್ತದೆ. ತಳಕ್ಕೆ ಎಂಡ್ ಕ್ಯಾಪ್, ಮೇಲಕ್ಕೆ ರಬ್ಬರ್ ರಿಂಗ್ ಇರುವ ತಿರುಪಿನ ಮುಚ್ಚಳದ ಜೋಡಣೆ. ಎರಡನ್ನೂ ಸಾಲ್ವೆಂಟ್ ಸಿಮೆಂಟಿನಲ್ಲಿ ಅಂಟಿಸಿ. ಅಂಟಿಸುವ ಮೊದಲು ಎರಡೂ ಮೈಯನ್ನು ಮರಳು ಕಾಗದದಲ್ಲಿ ಉಜ್ಜಿ ಒರೆಸಬೇಕು. ಒಂದು ದಿನ ಒಣಗಲಿ, ಆಮೇಲೆ ಎರಡು ಮೂರು ಸಲ ನೀರು ತುಂಬಿ ಚೆಲ್ಲಿ.

ಮುಚ್ಚಳದಲ್ಲಿ ಎರಡು ಟ್ಯಾಂಕ್ ನಿಪ್ಪಲ್ (ಹೋಸ್ ಜೋಡಿಸಲು ತೂತಿನಲ್ಲಿ ವಾಷರ್ ಹಾಕಿ ಬಿಗಿಯುವ ಕೊಳವೆ ತುಂಡು) ಕೂರಬೇಕು. ಮೈ ಚಪ್ಪಟೆಯಾಗಿರುವ ಕಡೆಯೇ ತೂತು ಕೊರೆಯಿರಿ. ಗೆರೆ, ಉಬ್ಬು ಇದ್ದರೆ ಅರದಿಂದ ಸಮ ಮಾಡಿ. ಬಾಗಿದ ಮೈಮೇಲೆ ವಾಷರ್ ಎಷ್ಟು ಬಿಗಿದರೂ ಸೋರುತ್ತದೆ. ಪೈಪಿನ ಪಕ್ಕದ ಗೋಡೆಗೆ ನಿಪ್ಪಲ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ. ಒಳಬರುವ ನಿಪ್ಪಲ್‌ಗೆ ಒಂದು ಕೊಳವೆ ಸಿಕ್ಕಿಸಿ ತಳಮುಟ್ಟ ಇಳಿಸಿ. ನೀರು ಕೆಳಗಿನಿಂದ ಮೇಲೇರಿ ಬರಲಿ, ಆಗ ಒಳಗಿನ ಗಾಳಿ ತಾನಾಗಿ ಮೇಲಿನ ದಾರಿಯಲ್ಲಿ ಹೊರಟುಹೋಗುತ್ತದೆ.

ತಳದಲ್ಲಿ ಮೂರು ಸೆಂ.ಮೀ. ಖಾಲಿ ಬಿಟ್ಟು ತೂತುಗಳ ತಟ್ಟೆ ಇಡಿ. ಅದರ ಮೇಲೆ 8 ಸೆಂ.ಮೀ. ಒರಟು ಸ್ಪಂಜು, 12 ಸೆಂ.ಮೀ. ಸೆರಾಮಿಕ್ ರಿಂಗ್, ಕೊನೆಗೆ ಎರಡು ಮೂರು ಸೆಂ.ಮೀ. ಫಿಲ್ಟರ್ ಹತ್ತಿ. ಸ್ಪಂಜನ್ನು ಪೈಪಿನ ಒಳ ಅಗಲಕ್ಕಿಂತ ಮೂರ್ನಾಲ್ಕು ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಇಲ್ಲದಿದ್ದರೆ ನೀರು ಗೋಡೆ ಪಕ್ಕದಿಂದ ನುಸುಳಿಹೋಗುತ್ತದೆ. ಹತ್ತಿಯನ್ನು ಮಾತ್ರ ಒತ್ತಿ ತುರುಕಬೇಡಿ.

ಪಂಪನ್ನು ಡಬ್ಬದೊಳಗೆ ಇಟ್ಟರೆ ವೈರಿಗೆ ಮೂರನೇ ತೂತು ಬೇಕು. ವೈರಿನ ಸುತ್ತ ಬಿಗಿದು ನೀರು ತಡೆಯುವ ಕೇಬಲ್ ಗ್ಲ್ಯಾಂಡ್ ಚಪ್ಪಟೆ ವೈರಿಗೆ ಹಿಡಿಯುವುದಿಲ್ಲ. ಮೊದಲ ಸಲ ಮಾಡುವವರು ಪಂಪನ್ನು ತೊಟ್ಟಿಯಲ್ಲೇ ಮುಳುಗಿಸಿ, ಅದರ ಹೀರುವ ಬಾಯಿಗೆ ಡಬ್ಬದಿಂದ ಬರುವ ಹೋಸ್ ಜೋಡಿಸುವುದೇ ಲೇಸು. ಸೋಸಿದ ನೀರೇ ಪಂಪಿಗೆ ಬರುವುದರಿಂದ ಕಸ ಕಟ್ಟಿಕೊಳ್ಳುವುದಿಲ್ಲ. ಗಂಟೆಗೆ 300–400 ಲೀಟರಿನ ಪಂಪು ಸಾಕು. ಡಬ್ಬ ಕೆಳಗಿದೆಯೆಂದು ನೀರೆತ್ತುವ ದೊಡ್ಡ ಪಂಪು ಬೇಡ: ಹೋಸ್‌ಗಳು ತುಂಬಿದ ಮೇಲೆ ಇಳಿಯುವ ನೀರಿನ ತೂಕವೇ ಏರುವ ನೀರನ್ನು ಸರಿದೂಗಿಸುತ್ತದೆ, ಪಂಪಿಗೆ ಉಳಿಯುವುದು ತಿಕ್ಕಾಟದ ಕೆಲಸವಷ್ಟೇ.

ಎರಡೂ ಹೋಸ್‌ಗೆ ಡಬ್ಬದ ಹತ್ತಿರ ಒಂದೊಂದು ಬಾಲ್ ವಾಲ್ವ್, ಪ್ರತಿ ಸೇರುವೆಗೂ ಕ್ಲ್ಯಾಂಪ್ ಇರಲಿ. ತೊಟ್ಟಿಯೊಳಗಿನ ಎರಡೂ ಕೊಳವೆಗಳಲ್ಲಿ ನೀರಿನ ಮಟ್ಟಕ್ಕಿಂತ 3 ಸೆಂ.ಮೀ. ಕೆಳಗೆ 3 ಮಿ.ಮೀ.ನ ಎರಡೆರಡು ತೂತು ಕೊರೆಯಲು ಮರೆಯಬೇಡಿ. ಹೋಸ್ ಕಳಚಿದರೆ ನೀರು ಅಲ್ಲಿಯವರೆಗೆ ಇಳಿದು, ಗಾಳಿ ಸೇರಿ ಹರಿವು ಕಡಿಯುತ್ತದೆ. ಆಗ ನೆಲಕ್ಕೆ ಬೀಳುವುದು ಐದೂವರೆ ಲೀಟರ್. ತೂತಿಲ್ಲದಿದ್ದರೆ ಹೀರುಕೊಳವೆಯ ಬಾಯಿ ಇರುವ ಮಟ್ಟದವರೆಗೂ ತೊಟ್ಟಿ ಬರಿದಾಗುತ್ತದೆ. ಮೀನು ಬಿಡುವ ಮೊದಲೇ ಬಕೆಟ್ ಇಟ್ಟು, ಒಂದೊಂದೇ ಹೋಸ್ ಕಳಚಿ ಪರೀಕ್ಷಿಸಿ. ಡಬ್ಬ ಮಾತ್ರ ಯಾವಾಗಲೂ ಹತ್ತು ಲೀಟರ್ ಬಕೆಟಿನೊಳಗೇ ನಿಂತಿರಲಿ.

ಪ್ರಶ್ನೆ: ಪಂಪು ಗುಂಯ್‌ಗುಡುತ್ತದೆ, ನೀರು ಸಣ್ಣಗೆ ಬರುತ್ತದೆ.

ಉತ್ತರ: ಗಾಳಿ ಸಿಕ್ಕಿಕೊಂಡಿದೆ. ಹೀರುವ ಹೋಸನ್ನು ಪಂಪಿನಿಂದ ಬಿಚ್ಚಿ ತುದಿಯನ್ನು ತೊಟ್ಟಿಯ ನೀರಿಗಿಂತ ಕೆಳಗೆ, ಬಕೆಟಿಗೆ ಇಳಿಸಿ. ಗುಳ್ಳೆಯಿಲ್ಲದೆ ನೀರು ಸುರಿಯತೊಡಗಿದಾಗ ಬೆರಳಿನಿಂದ ಮುಚ್ಚಿ, ನೀರಿನೊಳಗೇ ಪಂಪಿಗೆ ಸಿಕ್ಕಿಸಿ. ಗಾಳಿ ಮತ್ತೆ ಮತ್ತೆ ಸೇರಿದರೆ ತೊಟ್ಟಿಯ ಅಂಚಿನ ಮೇಲಿರುವ ಸೇರುವೆಯನ್ನು ನೋಡಿ. ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ತೊಟ್ಟಿಯ ನೀರು ಆವಿಯಾಗಿ ತೂತಿನ ಮಟ್ಟಕ್ಕೆ ಇಳಿದಿದ್ದರೂ ಇದೇ ಸದ್ದು. ಹರಿವು ಅಳೆಯಲು ಲೀಟರ್ ಜಗ್ಗು ಸಾಕು: 18 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 200 ಲೀಟರ್, ಚೆನ್ನಾಗಿದೆ. 24 ದಾಟಿದರೆ ಹತ್ತಿ ಬದಲಿಸಿ.

ಪ್ರಶ್ನೆ: ನೀರು ಕನ್ನಡಿಯಂತಿದೆ. ಆದರೂ ಮೊದಲ ವಾರದಲ್ಲೇ ಮೀನು ಸತ್ತವು.

ಉತ್ತರ: ಕನ್ನಡಿಯಂಥ ನೀರಲ್ಲೂ ಅಮೋನಿಯಾ ಇರಬಹುದು, ಕಣ್ಣಿಗೆ ಕಾಣದು. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ರಿಂಗ್‌ಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4–6 ವಾರ ಬೇಕು. ಪರೀಕ್ಷೆಯಲ್ಲಿ ಮೊದಲ ಎರಡೂ ಸೊನ್ನೆ ತೋರಿಸುವವರೆಗೆ ಮೀನು ಹಾಕಬೇಡಿ. ಸ್ಪಂಜು, ರಿಂಗ್‌ಗಳನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಅಲುಬಿ. ಕ್ಲೋರಿನ್ ಇರುವ ನಲ್ಲಿ ನೀರು ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕರೆಂಟು ಕೆಲವು ಗಂಟೆ ಹೋಗಿದ್ದರೆ ಪಂಪನ್ನು ಹಾಗೇ ಹಾಕಬಾರದು: ಮುಚ್ಚಿದ ಡಬ್ಬದಲ್ಲಿ ಆಮ್ಲಜನಕ ತೀರಿ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿ, ಒಳಗಿನದನ್ನು ಅಲುಬಿ, ಆಮೇಲೆ ಶುರು ಮಾಡಿ.

ಪ್ರಶ್ನೆ: ಇದ್ದಿಲು ಹಾಕಬೇಕೆ?

ಉತ್ತರ: ದಿನನಿತ್ಯಕ್ಕೆ ಬೇಡ. ಔಷಧಿ ಹಾಕಿದ ಮೇಲೆ ಉಳಿದದ್ದನ್ನು ತೆಗೆಯಲು ಒಂದು ಹಿಡಿ ಸಕ್ರಿಯ ಇದ್ದಿಲನ್ನು ಜಾಲರಿ ಚೀಲದಲ್ಲಿ ಹತ್ತಿಯ ಕೆಳಗಿಡಿ, ಮೂರ್ನಾಲ್ಕು ವಾರಕ್ಕೆ ತೆಗೆದುಬಿಡಿ.